ಅಂಗೈಗೊಂದು ಅಪ್ಪಣೆ

ಶಹಾಪುರ
ಗುರುವಾರ ಸಂಜೆ

ನನ್ನ ಚಮನಬೀ ಅವ್ವನ ಪಾದಕ್ಕೆ ಅಮೃತಾ ಬೇಡಿಕೊಳ್ಳುವುದು.

ಇದನ್ನು ಕುಬ್ರಾಬೇಗಂ ಓದಿ ಹೇಳಲಿ. ನನ್ನ ಕಟ್ಟೆಯ ಮೇಲೆ ಕುಳಿತು ಕಲಿತ ಕನ್ನಡವನ್ನು ನಿನ್ನ ಮಗಳು ಹೈದರಾಬಾದಿನಲ್ಲಿ ಇಷ್ಟು ಬೇಗ ಮರೆತಿರಲಾರಳು. ನನಗೆ ಬೇಕಾಗಿರುವುದು ನಿನ್ನ ಅಪ್ಪಣೆ. ನಿನ್ನಂತೆ ನಾನೂ ಇನ್ನೊಬ್ಬರ ಮೈಮೇಲೆ ಕೈಯಾಡಿಸಿ, ನೋವು ಇಳಿಯಲೆಂದು ಊದಬಹುದೇ? ಹಿರಿಯರ ಅಪ್ಪಣೆಯಿಲ್ಲದೆ ಊದಿದರೆ ಆ ನೋವು ಊದಿದವರಿಗೇ ಹತ್ತುತ್ತದೆ ಎಂದು ನೀನೇ ಹೇಳಿದ್ದೆ.

ಗಲಾಟೆಯ ವರ್ಷ ನನ್ನ ಮನೆಯವರು ಸುರಪುರದಿಂದ ಹಿಂದಿರುಗುವ ದಾರಿಯಲ್ಲಿ ನಿಮ್ಮ ಕಡೆಯವರ ಗುಂಡು ತಗುಲಿ ಸತ್ತರು. ಅವರನ್ನು ಮಣ್ಣು ಮಾಡಿ ಬಂದ ಮೇಲೆ ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳಲೇ ಇಲ್ಲ. ಯಾದಗಿರಿಯ ಡಾಕ್ಟರು ಎಲುಬು ನೆಟ್ಟಗಿದೆ ಎಂದು ಗುಳಿಗೆ ಕೊಟ್ಟರು. ಬೋರ್ಡಿನ ಮೇಲೆ ಬರೆಯಲಾಗದೆ, ಕಲಿಸುತ್ತಿದ್ದ ಶಾಲೆ ಬಿಟ್ಟು ಒಳಕೋಣೆಯಲ್ಲಿ ಕುಳಿತೆ. ಕವಿತೆಯ ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಅರ್ಥ ಒಳಗೆ ಇಳಿಯುತ್ತಿರಲಿಲ್ಲ.

ಆಮೇಲೆ ಪೋಲೀಸ್ ಆಕ್ಷನ್ ಆಯಿತು. ರಾಜ್ಯ ಬದಲಾಯಿತು. ಆ ದಿನಗಳಲ್ಲೇ, ಟಾಂಗಾ ಹೊಡೆದುಕೊಂಡಿದ್ದ ನಿನ್ನ ತಮ್ಮ ಸುಲ್ತಾನಸಾಬನನ್ನು ನಮ್ಮ ಕಡೆಯವರು ಕೊಂದರು. ಅವನ ನಲವತ್ತನೆಯ ದಿನದ ಫಾತಿಹಾ ಮುಗಿಸಿ ನೀನು ನವಿಲುಗರಿಯ ಕಟ್ಟು ಹಿಡಿದು ನಮ್ಮ ಬಾಗಿಲಿಗೆ ಬಂದೆ. ನನ್ನ ಅತ್ತೆ ಹಣಮಂತಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದರು.

"ನಿನ್ನ ಮಂದಿ ನನ್ನ ಮಗನ್ನ ತಿಂದ್ರು. ಈಗ ಸೊಸಿನ್ನ ನೋಡಾಕ ಬಂದೀಯೇನ?"

"ನಿನ್ನ ಮಂದಿ ನನ್ನ ತಮ್ಮನ್ನ ತಿಂದ್ರು, ಹಣಮಂತಮ್ಮ. ಆ ಜಗಳ ಆಮ್ಯಾಲ ಮಾಡೂಣು. ಮೊದ್ಲು ಕುಡಿಯಾಕ ನೀರು ಕೊಡು, ಬಿಸಲಾಗ ಬಂದೀನಿ."

ಅತ್ತೆ ಹೊಸ್ತಿಲು ಬಿಟ್ಟು ಸರಿದರು. ಒಳಗೆ ಹೋಗಿ ತಂಬಿಗೆ ತಂದರು.

ಗಂಡ ಹೋದ ಹೆಂಗಸನ್ನು ಯಾರೂ ಮುಟ್ಟುವುದಿಲ್ಲ, ಅವ್ವ. ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ. ಬಳೆ ಒಡೆದ ಮೇಲೆ ಆ ಕೈಯನ್ನು ಹಿಡಿಯಲು ಯಾರಿಗೂ ಕಾರಣ ಉಳಿಯುವುದಿಲ್ಲ, ಅಷ್ಟೇ. ಊರಿಗೆಲ್ಲ ನೀನು ನವಿಲುಗರಿಯಿಂದ ಸವರಿ ನೋವು ಇಳಿಸುತ್ತಿದ್ದೆ. ನನ್ನನ್ನು ಒಮ್ಮೆ ನೋಡಿದವಳೇ ಗರಿಯನ್ನು ಗೋಡೆಗೆ ಒರಗಿಸಿದೆ. "ಇಕಿಗಿ ಗರಿ ಸಾಲಂಗಿಲ್ಲ" ಎಂದೆ. ಗೋಗಿಯ ದರ್ಗಾದಿಂದ ತಂದ ಲೋಬಾನ ಹೊಗೆಯಾಡಿಸಿ, ತುಟಿಯೊಳಗೇ ಏನೋ ಅನ್ನುತ್ತ, ಭುಜದಿಂದ ಬೆರಳತುದಿಯವರೆಗೆ ಅಂಗೈಯಲ್ಲಿ ಸವರಿ ಊದಿದೆ. ಪ್ರತಿ ಸಲವೂ ಕೈ ನೆಲಕ್ಕೆ ಝಾಡಿಸುತ್ತಿದ್ದೆ. ಯಾಕೆಂದು ಕೇಳಿದರೆ, "ಮಂದಿ ನೋವು ನನ್ನ ಕೈಯಾಗ ಉಳದ್ರ ರೊಟ್ಟಿ ಹ್ಯಾಂಗ ಬಡೀಲಿ?" ಅಂದು ನಕ್ಕೆ. ಡಾಕ್ಟರ ಗುಳಿಗೆ ಬಿಡಲೇನು ಎಂದಾಗ, "ನುಂಗು, ನುಂಗು. ನನ್ನ ಕೈಗೂ ಗುಳಿಗಿಗೂ ಏನು ಸವತಿ ಮತ್ಸರನ?" ಅಂದೆ.

ನಾನು ನಂಬಿದ್ದೆನೇ? ಈಗಲೂ ತಿಳಿಯದು. ನೀನು ಕರೆಯುತ್ತಿದ್ದ ದೇವರು ಬರುತ್ತಿದ್ದನೋ ಇಲ್ಲವೋ ನಾನು ಕಾಣೆ. ಆದರೆ ನೀನು ಕಣ್ಣು ಮುಚ್ಚಿ ಕುಳಿತಷ್ಟು ಹೊತ್ತು ಅವನೆದುರು ನನ್ನ ನೋವನ್ನು ಬಿಟ್ಟು ಬೇರೇನನ್ನೂ ಇಡುತ್ತಿರಲಿಲ್ಲ. ನಿನ್ನ ತಮ್ಮನ ಸಾವನ್ನೂ ಪಕ್ಕಕ್ಕೆ ಸರಿಸಿ ಕುಳಿತಿದ್ದೆ. ಪ್ರಾರ್ಥನೆ ಎಂದರೆ ಇದೇ ಇರಬೇಕು ಎಂದುಕೊಂಡೆ. ಮೂರನೆಯ ಬೇಸಗೆಗೆ ಮತ್ತೆ ಶಾಲೆಗೆ ಹೋಗಿ, ಬಲಗೈ ಎತ್ತಿ ಬೋರ್ಡಿನ ಮೇಲಿನ ಸಾಲಿನಲ್ಲಿ ತಾರೀಖು ಬರೆದೆ. ಆ ವರ್ಷವೇ ಕುಬ್ರಾ ಬಂದು ನಿನ್ನನ್ನು ಹೈದರಾಬಾದಿಗೆ ಕರೆದೊಯ್ದಳು.

ಹೋದ ಮಾಘದಲ್ಲಿ ಅತ್ತೆ ತೀರಿಕೊಂಡರು. ನನ್ನ ಭುಜದ ನೋವು ಮರಳಿ ಬಂದಿದೆ. ತೈಲವನ್ನು ನಾನೇ ಹಚ್ಚಿಕೊಳ್ಳುತ್ತೇನೆ. ತನ್ನ ಭುಜವನ್ನು ತಾನೇ ತಿಕ್ಕಿಕೊಳ್ಳುವುದೆಂದರೆ ಖಾಲಿ ಮನೆಯ ಬಾಗಿಲನ್ನು ಒಳಗಿನಿಂದ ಬಡಿದಂತೆ.

ಹೀಗಿರುವಾಗ ಭೀಮವ್ವ ಬಂದಳು. ಕೊಂಕಲ್ಲಿನ ಕುರಿಗಾರರ ಮನೆಯ ಸೊಸೆ. ಹೆತ್ತ ಕೂಸು ಹೋದಂದಿನಿಂದ ಅವಳಿಗೆ ನಿದ್ದೆಯಿಲ್ಲ, ಎದೆಯಲ್ಲಿ ಉರಿ.

"ಅಕ್ಕಾರ, ಚಮನಬೀ ತನ್ನ ಕೈ ನಿಮಗ ಬಿಟ್ಟು ಹೋಗ್ಯಾಳಂತ. ಊರೆಲ್ಲ ಅನ್ನಾಕತ್ತೈತಿ."

"ಬಿಟ್ಟು ಹೋಗಾಕ ಅದೇನು ಕೊಡಪಾನ ಏನವ್ವ?"

"ನೀವು ಭಾಳ ಓದಿದವರು. ನಿಮಗ ಗೊತ್ತಿಲ್ದಂಗ ನಿಮ್ಮಲ್ಲೇ ಉಳದಿರಬಹುದು, ನೋಡ್ಕೋರಿ."

ಯಾದಗಿರಿಗೆ ಹೋಗಿ ಡಾಕ್ಟರಿಗೆ ತೋರಿಸು ಎಂದು ಕಳುಹಿಸಿದೆ. ಹೋದಳು, ಔಷಧ ತಂದಳು. ತಂದು ಮತ್ತೆ ನನ್ನೆದುರೇ ಕುಳಿತಳು. "ಅವರು ಕೊಟ್ಟಿದ್ದು ಕುಡೀತೀನ್ರಿ. ನಿಮ್ಮದು ನೀವು ಕೊಡ್ರಿ."

ಇವತ್ತು ಮಧ್ಯಾಹ್ನ ನನಗೆ ಇಲ್ಲವೆನ್ನಲಾಗಲಿಲ್ಲ. ನಿನ್ನ ಮಂತ್ರ ನನಗೆ ಗೊತ್ತಿಲ್ಲ. ನನಗೆ ಬಾಯಿಪಾಠವಿದ್ದ ಯಾವ ಸಾಲೂ ಆಗ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿ, ಕಾಣದ ಆ ಕೂಸನ್ನು ನೆನೆದು, ಎಡಗೈಯಲ್ಲಿ ಅವಳ ನೆತ್ತಿಯಿಂದ ಬೆನ್ನಿನವರೆಗೆ ಸವರಿದೆ. ಊದಲಿಲ್ಲ. ನೀನು ಹೂಂ ಅನ್ನದೆ ಊದುವ ಧೈರ್ಯ ಬರಲಿಲ್ಲ. ಅವಳು ಅತ್ತಳು. ಕೂಸು ಹೋದಾಗಲೂ ಅತ್ತಿರಲಿಲ್ಲವಂತೆ. ಅತ್ತು ಅತ್ತು ನನ್ನ ಚಾಪೆಯ ಮೇಲೇ ನಿದ್ದೆಹೋದಳು. ನಾನು ಕೈ ಝಾಡಿಸುವುದನ್ನು ಮರೆತು ಪಕ್ಕದಲ್ಲೇ ಕುಳಿತಿದ್ದೆ.

ಎದ್ದವಳು ನನ್ನ ಮುಖ ನೋಡಿದಳು. "ಅಕ್ಕಾರ, ನಿಮ್ಮ ಭುಜ ಯಾಕ ಹಿಂಗ ಬಿಗದೈತಿ? ಅತ್ತ ತಿರುಗ್ರಿ" ಎಂದಳು. ಕೇಳದೆಯೇ ಸೆರಗು ಸರಿಸಿ ಕೈಯಿಟ್ಟಳು. ಕುರಿಯ ಉಣ್ಣೆ ಕತ್ತರಿಸಿ ಒರಟಾದ ಕೈ. ನೋವು ಹೋಗಲಿಲ್ಲ ಅವ್ವ, ಸುಳ್ಳು ಹೇಳಲಾರೆ. ಆದರೆ ಆಗ ನಾನೊಬ್ಬಳೇ ಇರಲಿಲ್ಲ.

ಈಗ ಸಂಜೆ. ಅವಳು ಹೋಗಿಯಾಯಿತು, ಮನೆ ಮತ್ತೆ ಹಾಗೆಯೇ ಇದೆ. ಬರುವ ಗುರುವಾರವೂ ಬರುತ್ತಾಳಂತೆ. ನಿನ್ನ ಅಪ್ಪಣೆಯನ್ನು ನನಗೊಬ್ಬಳಿಗೆ ಕೊಡಬೇಡ. ಅವಳಿಗೂ ಕೊಡು. ಅವಳ ಹೆಸರು ಭೀಮವ್ವ, ಮರೆಯಬೇಡ.

ನಿನ್ನ ಮಂಡಿ ನೋವಿಗೆ ಕುಬ್ರಾಳ ಕೈ ಸದಾ ಸಿಗಲಿ. ನಿನ್ನ ದೇವರು ನಿನ್ನನ್ನು ನಮಗೋಸ್ಕರ ಇನ್ನಷ್ಟು ಕಾಲ ಇಟ್ಟಿರಲಿ.

ನೀನು ಮುಟ್ಟಿ ಉಳಿಸಿದವಳು,
ಅಮೃತಾ