ನಂಬರ್ 41: ಮೂರು ಬಿಳಿ ಕಪ್

ಮಾರ್ಚ್ 3, ಸೋಮವಾರ

ಇವತ್ತು ಐವತ್ತೆರಡು ವಸ್ತು. ಸೊಂಟ ಬಿದ್ದುಹೋಯಿತು. ಆಯ್ಕೆಯ ವಾರ ಎಂದರೆ ಹೀಗೇ — ಉದ್ದನೆಯ ಮೇಜು, ಬಿಳಿ ಹತ್ತಿಯ ಗ್ಲೌಸ್, ಹೆಸರು ಮುಚ್ಚಿದ ಚೀಟಿ. ನಂಬರ್ ಮಾತ್ರ ಕಾಣುತ್ತದೆ. ಮಾಡಿದವರು ಯಾರೋ ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಮೂವರು — ಒಬ್ಬರು ಆರ್ಕಿಟೆಕ್ಟ್, ಒಬ್ಬರು ಮೇಷ್ಟ್ರು, ಮತ್ತೆ ನಾನು — ನೋಡುತ್ತೇವೆ, ಹಿಡಿಯುತ್ತೇವೆ, ಹೂಂ ಅಥವಾ ಊಹೂಂ. ಹೂಂ ಅಂದದ್ದು ನಮ್ಮ ಗ್ಯಾಲರಿಯ ವರ್ಷದ ಪ್ರದರ್ಶನಕ್ಕೆ.

ಒಳ್ಳೆಯವು ಇರಲಿಲ್ಲವೆಂದಲ್ಲ. ಮುಳ್ಳಿಲ್ಲದ ಒಂದು ಗಡಿಯಾರ — ಗಂಟೆಗೊಂದು ಮಣಿ ಟಪ್ಪನೆ ಬಟ್ಟಲಿಗೆ ಬೀಳುತ್ತದೆ, ದಿನ ಎಷ್ಟು ಹೋಯಿತೆಂದು ಎಣಿಸಿಕೊಳ್ಳಬೇಕು. ಆರ್ಕಿಟೆಕ್ಟ್ ಅದರ ಮುಂದೆ ಗರಬಡಿದವರಂತೆ ನಿಂತುಬಿಟ್ಟರು. ಹಳೆಯ ಛತ್ರಿಗಳ ಬಟ್ಟೆಯಲ್ಲಿ ಹೊಲಿದ ಆರಾಮಕುರ್ಚಿ, ಕೂತರೆ ಏಳುವ ಮನಸ್ಸಾಗುವುದಿಲ್ಲ. ಕಳೆದುಹೋದ ಬೀಗಗಳ ಕೀಲಿಕೈಗಳನ್ನೇ ಪೋಣಿಸಿದ ಪರದೆ, ಗಾಳಿ ಬಂದರೆ ಗಲಾಟೆಯೋ ಗಲಾಟೆ. ಮೂರಕ್ಕೂ ಹೂಂ.

ಆಮೇಲೆ ನಂಬರ್ 41. ಮೂರು ಬಿಳಿ ಕಪ್. ಹಿಡಿ ಇಲ್ಲ. ಮೈತುಂಬ ತಗ್ಗು, ಉಬ್ಬು, ಏನೇನೋ. ಹೆಸರು 'ಮನೆಯವರು'. ಮೇಷ್ಟ್ರು ಹಿಡಿದರು — ಮಣ್ಣಿನ ಕೆಲಸ ಕಲಿಸಿ ಕಲಿಸಿ ತಲೆ ನರೆತವರು — ಜಾರಿತು. ಆರ್ಕಿಟೆಕ್ಟ್ ಹಿಡಿದರು, ಜಾರಿತು. ನಾನು ಎಡಚಿ, ಎಡಗೈಯಲ್ಲಿ ಪೆನ್ ಇತ್ತು, ಬಲಗೈಯಲ್ಲಿ ಎತ್ತಿದೆ. ಬಿದ್ದೇಹೋಗುತ್ತಿತ್ತು.

"ಮನೆಯವರಂತೆ! ಆ ಮನೇಲಿ ಯಾರಿಗೂ ಕೈಯೇ ಇಲ್ವೇನೋ" ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಹೂಂ. ಮೂರಕ್ಕೆ ಮೂರು ಮತ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಮೂಳೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಪ್ಲಾಸ್ಟರ್ ಕಟ್ಟಿದ ಮನುಷ್ಯ. ಅಮ್ಮ ಹೋದ ಮೇಲೆ, ಈಗ ಎರಡು ವರ್ಷ, ನನ್ನ ಜೊತೆಗೇ ಇದ್ದಾನೆ. ಊಟದ ಹೊತ್ತಿಗೆ ನನ್ನ ಆಫೀಸಿನ ಕಥೆ ಅವನಿಗೆ ಬೇಕೇ ಬೇಕು. ಕಪ್ಪಿನ ಪ್ರಸಂಗವನ್ನು ನಾಟಕ ಮಾಡಿಯೇ ತೋರಿಸಿದೆ. ನಗಲಿಲ್ಲ.

"ಗ್ಲೌಸ್ ಹಾಕ್ಕೊಂಡೇ ಹಿಡಿದ್ರಾ?"

"ಮತ್ತೆ? ಬರಿಗೈಲಿ ಮುಟ್ಟೋ ಹಾಗಿಲ್ಲಪ್ಪ. ರೂಲ್ಸು."

"ಓ" ಎಂದ. ನೀರು ಕುಡಿದು ಎದ್ದುಹೋದ. ಇವತ್ತು ಅವನ ಮೂಡು ಸರಿಯಿಲ್ಲ.

ಮಾರ್ಚ್ 4

ಊಹೂಂ ಆದವರಿಗೆಲ್ಲ ಕಾರ್ಡ್ ಬರೆಯುವ ದಿನ. ಕೈಯಲ್ಲೇ ಬರೆಯಬೇಕು. ಅವರು ಕೈಯಿಂದ ಮಾಡಿದ್ದಾರೆ, ನಾವು ಟೈಪ್ ಮಾಡಿದರೆ ಅವಮಾನ ಅಂತ ಡೈರೆಕ್ಟರ್ ಮೇಡಂ ಹಠ. ಹೆಸರು-ವಿಳಾಸದ ಪಟ್ಟಿ ಸ್ಟೋರ್ ನೋಡಿಕೊಳ್ಳುವ ಅಕ್ಕನ ಬೀರುವಿನಲ್ಲಿ, ಬೀಗದೊಳಗೆ. ನಾವು ನಂಬರ್ ಹಾಕಿ ಕೊಡುತ್ತೇವೆ, ಅವಳು ಲಕೋಟೆಗೆ ಹಾಕಿ ಕಳಿಸುತ್ತಾಳೆ.

41ಕ್ಕೆ ಬರೆದದ್ದು: 'ಹಿಡಿಯಲಾಗದ ಕಪ್, ಕಪ್ ಅಲ್ಲ. ಮೂರನೆಯದರಲ್ಲಂತೂ ಸರಿಯಾಗಿ ಬೆರಳಿನ ಒತ್ತೇ ಇಲ್ಲ. ಅರೆಮನಸ್ಸಿನ ಕೆಲಸ.'

ಚೆನ್ನಾಗಿ ಬಂತು ಅನ್ನಿಸಿತು. ಮೇಷ್ಟ್ರು ಓದಿ, "ಕತ್ತರಿ ಕಣಮ್ಮ ನೀನು" ಎಂದರು. ಸುಳ್ಳು ಯಾಕೆ, ಖುಷಿಯಾಯಿತು.

ಮಾರ್ಚ್ 11, ಮಂಗಳವಾರ

ಅಪ್ಪ ವಾಕಿಂಗ್ ಬಿಟ್ಟು ನಾಲ್ಕು ದಿನ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದವನು. ಅಷ್ಟು ಹೊತ್ತು ಯಾವ ವಾಕಿಂಗೋ, ನಾನೂ ಕೇಳಿದವಳಲ್ಲ. ಈಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ.

"ಮಂಡಿ ನೋವಾ?"

"ಇಲ್ಲ."

"ಮತ್ತೇನು?"

"ಸಾಕಾಯ್ತು."

ಹೀಗೆ ಮಲಗಿದರೆ ಕೈಕಾಲು ಹಿಡಿದುಕೊಳ್ಳುತ್ತೆ ಅಂತ ರೇಗಿದೆ. ಆಸ್ಪತ್ರೆಯಲ್ಲಿದ್ದವನಿಗೆ ನಾನು ಹೇಳಿಕೊಡಬೇಕಾ? ಊಟವೂ ಅರ್ಧಂಬರ್ಧ. ಡಾಕ್ಟರಿಗೆ ತೋರಿಸಬೇಕು.

ಮಾರ್ಚ್ 13, ಗುರುವಾರ. ಮಧ್ಯಾಹ್ನ 3

ಈಗಲೇ ಬರೆದುಬಿಡುತ್ತೇನೆ.

ಊಹೂಂ ಆದವನ್ನು ಸ್ಟೋರಿನಲ್ಲಿ ಎರಡು ಭಾಗ ಮಾಡುತ್ತಿದ್ದೆ. ವಾಪಸ್ ಬೇಕು ಅಂದವರದ್ದು ಒಂದು ಕಡೆ. 'ವಾಪಸ್ ಬೇಡ' ಎಂದು ಚೀಟಿ ಕಳಿಸಿದವರದ್ದು ಇನ್ನೊಂದು ಕಡೆ. ಬೇಡ ಅಂದದ್ದನ್ನು ಶನಿವಾರ ಬೆಳಿಗ್ಗೆ ಒಡೆದುಬಿಡುತ್ತಾರೆ. ನಾವು ಬಿಟ್ಟದ್ದು ಯಾವುದೋ ಅಂಗಡಿಯಲ್ಲಿ ನಮ್ಮ ಹೆಸರು ಹೇಳಿಕೊಂಡು ಕೂರಬಾರದಲ್ಲ. 41 ಬೇಡದ ಕಡೆಗಿತ್ತು. ಗ್ಲೌಸ್ ಎಲ್ಲ ಒಗೆಯಲು ಹೋಗಿದ್ದವು. ಒಡೆಯುವುದಕ್ಕೇನು ಗ್ಲೌಸ್ ಅಂತ ಬರಿಗೈಯಲ್ಲೇ ಎತ್ತಿದೆ. ಎಡಗೈಯಲ್ಲಿ. ಎರಡನೆಯ ಕಪ್.

ಅದು ನನ್ನ ಕೈಯನ್ನು ಹಿಡಿದುಕೊಂಡಿತು.

ಬೇರೆ ಹೇಗೆ ಬರೆಯಲಿ? ಹೆಬ್ಬೆರಳಿಗೆ ಹೆಬ್ಬೆರಳಿನ ತಗ್ಗು. ಪ್ರತಿ ಬೆರಳಿಗೂ ಅದರದರ ಮನೆ. ಮತ್ತೆ ಕಿರುಬೆರಳು... ಏಳನೇ ವಯಸ್ಸಿನಲ್ಲಿ ಬಾಗಿಲಿಗೆ ಸಿಕ್ಕಿ ಹೊರಗೆ ಸೊಟ್ಟಗಾದ ನನ್ನ ಕಿರುಬೆರಳು. ಅದಕ್ಕೂ ಅಷ್ಟೇ ಸೊಟ್ಟಗೆ ಒಂದು ಜಾಗ. ತಲೆಕೆಳಗು ಮಾಡಿದೆ, ಬೀಳಲಿಲ್ಲ. ಇದು ಸುಮ್ಮನೆ ಆಗುವ ಮಾತೇ ಅಲ್ಲ. ಯಾರೋ ನನ್ನ ಕೈ ಬಲ್ಲವರು ಮಾಡಿದ್ದು.

ಅಕ್ಕನನ್ನು ಹೆಸರು ಕೇಳಿದೆ. "ಪ್ರದರ್ಶನ ಆಗೋವರೆಗೂ ಹೇಳೋ ಹಾಗಿಲ್ಲ ಮೇಡಂ. ನೀವೇ ಮಾಡಿದ ರೂಲ್ಸಲ್ವಾ?" ಆ ಒಂದು ಕಪ್ಪನ್ನು ಸೆರಗಲ್ಲಿ ಮುಚ್ಚಿ ನನ್ನ ಮೇಜಿಗೆ ತಂದಿದ್ದೇನೆ. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲನೇ ಕಳ್ಳತನ.

ಅದೇ ದಿನ, ಸಂಜೆ 7

ಬಸ್ಸಿನಲ್ಲಿ ನೆನಪಾಯಿತು. ಹೋದ ವರ್ಷ. ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದೆ. ಅಪ್ಪ ಬಂದು ನನ್ನ ಎಡಗೈಗೆ ಒದ್ದೆ ಪ್ಲಾಸ್ಟರಿನ ಉಂಡೆ ಇಟ್ಟ. "ಫೋನ್ ಮುಗಿಯೋವರೆಗೂ ಹಿಡ್ಕೊಂಡಿರು ಪುಟ್ಟಿ. ಲೋಟ ಹಿಡಿದ ಹಾಗೆ." ಏನಿದು ಅಂತಲೂ ಕೇಳಲಿಲ್ಲ. ಹಿಡಿದೆ. ಗಟ್ಟಿಯಾದ ಮೇಲೆ ಕೊಟ್ಟೆ. ಬೈಗುಳ ಮುಂದುವರಿಸಿದೆ.

ಅಪ್ಪ ಸ್ನಾನಕ್ಕೆ ಹೋದಾಗ ಕೋಣೆಗೆ ನುಗ್ಗಿದೆ. ಹುಡುಕುವ ಕಷ್ಟವೇ ಬೀಳಲಿಲ್ಲ. ಕನ್ನಡಕದ ಡಬ್ಬಿಯಲ್ಲಿ, ನಾಲ್ಕಾಗಿ ಮಡಚಿ, ನನ್ನ ಕಾರ್ಡ್. ನನ್ನ ಅಕ್ಷರ. 'ಅರೆಮನಸ್ಸಿನ ಕೆಲಸ.'

ಇಷ್ಟು ದಿನ ಎದುರಿಗೇ ಕೂತು ಊಟ ಮಾಡಿದ್ದಾನೆ. ನನ್ನ ನಾಟಕವನ್ನೂ ನೋಡಿದ್ದಾನೆ — 'ಆ ಮನೇಲಿ ಯಾರಿಗೂ ಕೈಯೇ ಇಲ್ವೇನೋ'. ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ. ಕಾರ್ಡನ್ನು ಇದ್ದ ಹಾಗೇ ಇಟ್ಟು ಬಂದೆ. ಕೇಳುವ ಧೈರ್ಯ ಆಗುತ್ತಿಲ್ಲ.

ಮಾರ್ಚ್ 14, ಶುಕ್ರವಾರ. ಸಂಜೆ

ಕೇಳಿದೆ. ಕಪ್ಪನ್ನು ಅವನ ಮುಂದಿಟ್ಟು, ಎಡಗೈಯಲ್ಲಿ ಹಿಡಿದು ತೋರಿಸಿದೆ. ಅಪ್ಪ ಕಪ್ಪನ್ನು ನೋಡಲಿಲ್ಲ, ಕೈಯನ್ನು ನೋಡಿದ.

"ಸರಿಯಾಗಿ ಕೂತಿದೆ" ಎಂದ.

ವಾಕಿಂಗ್ ಎಲ್ಲ ಸುಳ್ಳು. ಬಸ್ ಡಿಪೋ ಹಿಂದೆ ಒಂದು ಪಿಂಗಾಣಿ ಸ್ಟುಡಿಯೋ ಇದೆಯಂತೆ, ಒಂದು ವರ್ಷದಿಂದ ಅಲ್ಲೇ. ಪ್ಲಾಸ್ಟರ್ ಉಂಡೆಗೆ ಅಚ್ಚು ತೆಗೆಯುವುದು, ತೆಳುವಾದ ಮಣ್ಣು ಹೊಯ್ಯುವುದು, ಭಟ್ಟಿಗೆ ಇಡುವುದು. ಚೀಟಿಯಲ್ಲಿ ಸ್ಟುಡಿಯೋ ವಿಳಾಸವನ್ನೇ ಕೊಟ್ಟಿದ್ದನಂತೆ.

"ನನಗೇ ತೋರಿಸಬಹುದಿತ್ತಲ್ಲಪ್ಪ?"

"ತೋರಿಸಿದ್ರೆ ಅಪ್ಪ ಮಾಡಿದ್ದು ಅಂತ ಚೆನ್ನಾಗಿದೆ ಅಂತಿದ್ದೆ. ಹೆಸ್ರು ಮುಚ್ಚಿದ್ರೆ ನಿಜ ಹೇಳ್ತೀಯ ಅಂದ್ಕೊಂಡೆ." ಕನ್ನಡಕ ಒರೆಸಿಕೊಂಡು, "ಹೇಳಿದ್ಯಲ್ಲ, ಬಿಡು" ಎಂದ.

ಮುಖ ಎಲ್ಲಿಟ್ಟುಕೊಳ್ಳಲಿ.

"ಒಂದು ನಿಂದು, ಒಂದು ನಂದು. ಮೂರನೇದು?"

ನನಗೆ ಅಷ್ಟರಲ್ಲೇ ಗೊತ್ತಾಗಿಬಿಟ್ಟಿತ್ತು. ಆದರೂ ಅವನ ಬಾಯಿಂದ ಬರಲಿ ಅಂತ ಕಾದೆ.

"ನಿಮ್ಮಮ್ಮಂದು. ಕೊನೇ ವಾರ. ಸ್ವಾಧೀನ ಇಲ್ಲದ ಬಲಗೈಗೆ ಎಕ್ಸರ್‌ಸೈಸ್ ಮಾಡಿಸ್ತಿದ್ನಲ್ಲ, ಚೆಂಡು ಹಿಸುಕು ಅಂತ. ಒಂದಿನ ಚೆಂಡಿನ ಬದ್ಲು ಪ್ಲಾಸ್ಟರ್ ಕೊಟ್ಟೆ. ಯಾಕೆ ಕೊಟ್ನೋ... ಎರಡು ಬೆರಳು ಒತ್ತಿದ್ಳು. ಮಿಕ್ಕ ಮೂರು ಸುಮ್ನೆ ತಾಗಿದ್ದು, ಅಷ್ಟೇ."

ಬೆರಳಿನ ಒತ್ತೇ ಇಲ್ಲ. ಬರೆದವಳು ನಾನು.

ಅಚ್ಚು ಇದೆಯಾ ಎಂದೆ. ಇಲ್ಲ, ಮೊದಲನೇ ಸಲಕ್ಕೇ ಬಿರುಕು ಬಿಟ್ಟಿತು, ಉಂಡೆಯೂ ಅಚ್ಚಿನಿಂದ ಬಿಡಿಸುವಾಗ ಪುಡಿಯಾಯಿತಂತೆ. ಅಮ್ಮನ ಕೈ ಅಂತ ಭೂಮಿಯ ಮೇಲೆ ಉಳಿದಿರುವುದು ಆ ಒಂದೇ ಕಪ್ಪಿನಲ್ಲಿ.

"ಮತ್ತೆ ವಾಪಸ್ ಬೇಡ ಅಂತ ಯಾಕೆ ಬರೆದೆ?"

"ಮನೇಲಿಟ್ಟು ಏನ್ ಮಾಡ್ಲಿ? ನಿನ್ನ ಕಣ್ಣಿಗೆ ಬೀಳುತ್ತೆ. ಯಾವತ್ತೋ ಒಂದಿನ ಗೊತ್ತಾಗುತ್ತೆ. ನೀನು ಬರೆದಿದ್ದಕ್ಕೆ ನೀನೇ ಕೊರಗ್ತೀಯ."

ಅಕ್ಕನಿಗೆ ಏಳು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ನಾಳೆ ಶನಿವಾರ.

ಮಾರ್ಚ್ 15, ಶನಿವಾರ

ಸ್ಟೋರ್ ತೆರೆಯುವುದು ಎಂಟಕ್ಕೆ. ಬಸ್ಸು ತಡವಾಗಿ, ಎಂಟೂ ಹತ್ತಕ್ಕೆ ಅಪ್ಪನ ಕೈ ಹಿಡಿದು ಓಡಿಸಿಕೊಂಡು ಹೋದೆ. ಗೇಟಿನಲ್ಲೇ ಸುತ್ತಿಗೆಯ ಸದ್ದು. ಹಿತ್ತಲಲ್ಲಿ ವಾಚ್‌ಮನ್, ಕಾಲ ಬಳಿ ಗೋಣಿಚೀಲ.

"ನಲವತ್ತೊಂದು?" ಎಂದೆ. ಉಸಿರೇ ಇರಲಿಲ್ಲ.

"ಆಯ್ತಲ್ಲ ಮೇಡಂ. ಮೊದ್ಲನೇದೇ ಅದು."

ಚೀಲ ಸುರಿದು ಕೂತುಬಿಟ್ಟೆ. ಬಿಳಿ ಚೂರು, ಕಂದು ಚೂರು, ಯಾರ್ಯಾರದೋ. ಬೆರಳು ಕುಯ್ದುಕೊಂಡಿತು. ಒಂದು ದೊಡ್ಡ ಚೂರು ಸಿಕ್ಕಿತು, ಅಗಲವಾದ ಹೆಬ್ಬೆರಳಿನ ತಗ್ಗು. ಅಪ್ಪ ಬಗ್ಗಿ ನೋಡಿ, "ಅದು ನಂದು, ಬಿಡು" ಎಂದ. ಹರಿದ ಬಸ್ ಟಿಕೆಟ್ ನೋಡಿದವನ ಹಾಗೆ! ನನಗೆ ಅಳು ಉಕ್ಕಿಬಂತು. ಇನ್ನೊಂದು, ಇನ್ನೊಂದು ಅಂತ ಕೆದಕುತ್ತಲೇ ಇದ್ದೆ.

"ಏನು ಮೇಡಂ, ಏನಾಯ್ತು?"

ಸ್ಟೋರಿನ ಬಾಗಿಲಲ್ಲಿ ಅಕ್ಕ. ಬಲಗೈಯಲ್ಲಿ ಟೀ. ಟೀ ಇದ್ದದ್ದು ಮೂರನೆಯ ಕಪ್ಪಿನಲ್ಲಿ.

ನಾನು ನೋಡಿದ್ದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು ಮೇಡಂ. ಕದ್ದಿದ್ದಲ್ಲ. ಹೆಂಗೂ ಒಡೀತಾರಲ್ಲ ಅಂತ... ಮೇಲಿನವರಿಗೆ ಹೇಳ್ಬೇಡಿ."

"ನೀವು ಅದನ್ನ ಹೇಗೆ ಹಿಡ್ಕೊಂಡಿದೀರ?" — ನನ್ನ ಬಾಯಿಂದ ಬಂದದ್ದು ಇಷ್ಟೇ.

ಆಗ ಹೇಳಿದಳು. ಬಲಗೈಯ ಮೂರು ಬೆರಳಿಗೆ ಜೀವ ಇಲ್ಲ, ಮೂರು ವರ್ಷವಾಯಿತು. ಒಡೆಯುವ ಸಾಮಾನಿರುವ ಸ್ಟೋರು, ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕೇ ಎಲ್ಲ ಎಡಗೈ, ಟ್ರೇ ಮುಂಗೈ ಮೇಲೆ. "ಈ ಕೈಲಿ ಲೋಟ ನಿಲ್ಲಲ್ಲ ಮೇಡಂ. ಇದು ಜಾರಲ್ಲ. ಬೆರಳು ಸುಮ್ನೆ ಇಟ್ರೆ ಸಾಕು, ಇದೇ ಹಿಡ್ಕೊಳ್ಳುತ್ತೆ."

ಆರು ವರ್ಷ ಒಂದೇ ಕಟ್ಟಡದಲ್ಲಿ. ಕೂದಲೆಳೆಯ ಬಿರುಕು ದೂರದಿಂದ ಕಂಡುಹಿಡಿಯುವ ಕಣ್ಣು ನನ್ನದು ಅಂತ ಹೆಸರು. ಅವಳ ಕೈ ಕಂಡಿರಲಿಲ್ಲ.

ಅಪ್ಪ ಅವಳ ಹತ್ತಿರ ಹೋದ. "ಎಲ್ಲಿ, ಕುಡೀರಿ ನೋಡೋಣ." ಅವಳು ಹೆದರಿಕೊಂಡೇ ಒಂದು ಗುಟುಕು ಕುಡಿದಳು. ಅಪ್ಪ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಎಷ್ಟು ಹೊತ್ತು!

"ಬಿಸಿ ತಾಗುತ್ತಾ?"

"ಹೆಬ್ಬೆರಳ ಹತ್ರ ಸ್ವಲ್ಪ, ಸಾರ್."

"ಹ್ಞೂಂ. ಅಲ್ಲಿ ದಪ್ಪ ಬಿಡ್ಬೇಕಿತ್ತು."

ಟೀ ಮುಗಿಸಿ ಕಪ್ಪನ್ನು ನಮ್ಮ ಕಡೆ ಚಾಚಿದಳು. ನಾನು ಕೈ ನೀಡಿಯೂ ಆಗಿತ್ತು. ಅಪ್ಪ ಅಡ್ಡ ಬಂದ. "ಬೇಡಮ್ಮ. ನಿಮ್ಮ ಹತ್ರಾನೇ ಇರ್ಲಿ."

ಬಸ್ಸಿನಲ್ಲಿ ಬಾಯಿ ಬಂತು. "ಅಮ್ಮಂದು ಅದೊಂದೇ ಇದ್ದಿದ್ದು! ಕೊಟ್ಟುಬಿಡೋಕೆ ನೀನ್ಯಾರು?" ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಕಪಾಟಲ್ಲಿಟ್ರೆ ದಿನಾ ಧೂಳು ಒರೆಸ್ಬೇಕು. ಅಲ್ಲಿ ದಿನಾ ಒಂದು ಕೈ ಹಿಡ್ಕೊಂಡಿರುತ್ತೆ" ಎಂದ. ಕಿಟಕಿಯ ಕಡೆ ತಿರುಗಿಕೊಂಡ. ಅವನ ಭುಜ ಅಲುಗುತ್ತಿತ್ತು, ಬಸ್ಸಿನ ಕುಲುಕಾಟಕ್ಕಲ್ಲ.

ಸಿಟ್ಟು ಇಳಿದಿಲ್ಲ. ಗ್ಲೌಸ್ ಇಲ್ಲದೆ ಒಂದು ಸಲವೂ ನಾನದನ್ನು ಮುಟ್ಟಿಲ್ಲ.

ಮಾರ್ಚ್ 17, ಸೋಮವಾರ. 11 ಗಂಟೆ

ಅಪ್ಪ ಬೆಳಿಗ್ಗೆ ಹತ್ತಕ್ಕೇ ಹೊರಟ. ವಾಕಿಂಗ್ ಅಂತ ಹೇಳಲಿಲ್ಲ.

ಟೀ ಹೊತ್ತಿಗೆ ಅಕ್ಕ ಕರೆದಳು. ಸ್ಟೋರಿನ ಬಾಗಿಲು ಹಾಕಿ, "ನಿಜ ಹೇಳಿ ಮೇಡಂ, ಇದು ಯಾರ ಕೈ?" ಎಂದಳು. ಹೇಳಿದೆ. ಅವಳು ಉಳಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿ, ತೊಳೆಯದೆ ಹಾಗೇ ಕಪ್ ಚಾಚಿದಳು.

"ತಗೊಳ್ಳಿ. ಬಿಸಿ ಆರೋದ್ರೊಳಗೆ ಹಿಡ್ಕೊಳ್ಳಿ."

ಬಲಗೈಯಲ್ಲಿ ಹಿಡಿದೆ; ಎಡಗೈಯಲ್ಲಿ ಇದನ್ನು ಬರೆಯುತ್ತಾ ಇನ್ನೂ ಹಿಡಿದೇ ಇದ್ದೇನೆ. ಬರಿಗೈ. ಹೆಬ್ಬೆರಳು, ತೋರುಬೆರಳು ಆಳಕ್ಕೆ ಕೂತವು. ಮಿಕ್ಕ ಮೂರು ತಾಗಿದವು ಅಷ್ಟೇ. ಇಷ್ಟು ಚಿಕ್ಕ ಕೈಯಾ ಅಮ್ಮಂದು? ಆಸ್ಪತ್ರೆಯಲ್ಲಿ ಕೊನೆಯ ದಿನ ನಾನು ಬರುವ ಹೊತ್ತಿಗೆ ತಣ್ಣಗಾಗಿಬಿಟ್ಟಿತ್ತು. ಇದು ಬೆಚ್ಚಗೆ, ನನ್ನ ಬೆರಳನ್ನು ಹೀಗೆ —