ಬಾಗಿಲಿಲ್ಲದ ಮನೆ

ವಾಬಾಷ್ ನದಿಯ ದಂಡೆ,
ಅಕ್ಟೋಬರ್ 1834

ಹೈರಮ್,

ನೆರೆಯವರೆಲ್ಲ ಸೇರಿ ದಿಮ್ಮಿ ಪೇರಿಸಿ ನಮ್ಮ ಮನೆಗೆ ಗೋಡೆ, ಸೂರು ಎಬ್ಬಿಸಿಕೊಟ್ಟರು. ಗೋಡೆ ಎದ್ದಮೇಲೆ ದಿಮ್ಮಿಗಳಲ್ಲಿ ಬಾಗಿಲು ಕೊಯ್ಯುವುದು ಮನೆಯವನ ಕೆಲಸ. ನೀನೋ, ಗರಗಸ ಹೆಗಲಿಗೇರಿಸಿ ಇನ್ನೊಬ್ಬರ ಗೋಡೆ ಎಬ್ಬಿಸಲು, ಅಂದರೆ ಅಲ್ಲಿನ ವಿಸ್ಕಿ ಕುಡಿಯಲು, ಹೊರಟೇಬಿಟ್ಟೆ!

ಮಳೆ ಬಂತೆಂದು ನಿನ್ನಮ್ಮ ಏಣಿ ಹತ್ತಿ ಸೂರಿನ ಸಂದಿಯಿಂದ ಒಳಗಿಳಿದರು. ವಾಪಸು ಹತ್ತಲು ಮಂಡಿ ಕೇಳಲಿಲ್ಲ.

"ನನ್ನ ಮಗ ಬಂದು ಬಾಗಿಲು ಕೊಯ್ತಾನೆ, ನೀನು ಸುಮ್ನಿರೇ" ಎಂದು ಒಳಗಿಂದಲೇ ನನ್ನನ್ನು ಗದರಿದರು. ಸಂಜೆಯ ಚಳಿಗೆ ರಾಗ ಬದಲಾಯಿತು: "ಆ ದಂಡಪಿಂಡ ಎಲ್ಲಿ ಹಾಳಾಗಿ ಹೋದನೇ?"

ಕೊಡಲಿ ಹಿಡಿದು ನಾನೇ ಬಾಗಿಲು ಕಡಿದೆ. ಬರುವಾಗ ಕದ ತೂಗುಹಾಕುವ ಕೀಲುಗಳಿಗೆ ಚರ್ಮ ತಾ. ಬಾಗಿಲು ನಿನ್ನಮ್ಮನ ಎತ್ತರಕ್ಕಷ್ಟೇ ಇದೆ. ಇನ್ನೊಂದು ದಿಮ್ಮಿ ಕಡಿಯಲು ಹೋದರೆ ಅವರೇ ತಡೆದರು: "ಬೇಡ ಕಣೇ, ಅವನು ಬಗ್ಗಿ ಬರಲಿ."

ನಿನ್ನ ಹೆಂಡತಿ,
ಥರ್ಜಾ