ಖಾಲಿ ಬಿಡಬೇಕಿದ್ದ ಏಳನೇ ಕಾಲಮ್

ವಿದೇಶಿ ವಿದ್ಯಾರ್ಥಿಗಳ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಮೊನ್ನೆ ಸೋಮವಾರ ನೀವು ಮತ್ತೆ ತೂಗುಹಾಕಿಸಿದ ಫೋಟೋವನ್ನು ದಯವಿಟ್ಟು ಇಳಿಸಿ. ಅದರಲ್ಲಿ ಕೈಕುಲುಕುತ್ತಿರುವ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳನ್ನು ಐದು ವಾರಗಳ ಹಿಂದೆ ನೀವು ಅವಳ ದೇಶಕ್ಕೆ ವಾಪಸ್ ಕಳಿಸಿದ್ದೀರಿ. ಕಳಿಸಲು ನಿಮಗೆ ಬೇಕಾಗಿದ್ದ ಕಾಗದ ಬರೆದುಕೊಟ್ಟವಳೂ ನಾನೇ. ಹಾಗಾಗಿ ಇದು ದೂರೋ ತಪ್ಪೊಪ್ಪಿಗೆಯೋ ನನಗೇ ಸರಿಯಾಗಿ ಗೊತ್ತಿಲ್ಲ. ಯಾವ ಫೈಲಿಗೆ ಸೇರಿಸಬೇಕೆಂದು ನೀವೇ ತೀರ್ಮಾನಿಸಿ. ಆ ಕೆಲಸದಲ್ಲಿ ನಿಮ್ಮ ಕಚೇರಿ ನಿಪುಣ.

ನಮ್ಮ ದೇಶ, ಅವಳ ದೇಶ ಎರಡೂ ದೊಡ್ಡ ಶಕ್ತಿಗಳು. ಒಬ್ಬರ ಮೇಲೆ ಯುದ್ಧ ಬಂದರೆ ಇನ್ನೊಬ್ಬರ ಮೇಲೂ ಬಂದಂತೆ ಎಂದು ನನ್ನ ಅಪ್ಪ ಅಮ್ಮ ಹುಟ್ಟುವ ಮೊದಲೇ ಸಹಿ ಹಾಕಿಕೊಂಡವು. ಆ ಒಪ್ಪಂದದ ಒಂದು ಪುಟ್ಟ ಬಾಲ ನಿಮ್ಮ ‘ಮಿತ್ರಕೊಠಡಿ’ ಯೋಜನೆ: ಅಲ್ಲಿನವಳೊಬ್ಬಳು, ಇಲ್ಲಿನವಳೊಬ್ಬಳು, ಇಬ್ಬರಿಗೂ ಸೇರಿ ಒಂದು ರೂಮು. ಮೊದಲ ದಿನ ನೀವೇ ಬಂದು ನಮ್ಮ ಕೈಗಳನ್ನು ಜೋಡಿಸಿ, “ಇಪ್ಪತ್ತೇಳನೇ ರೂಮೇ ನಮ್ಮ ಒಪ್ಪಂದ. ಸ್ವಲ್ಪ ನಗ್ರಮ್ಮಾ” ಎಂದಿರಿ. ನಕ್ಕೆವು. ಕ್ಯಾಮೆರಾ ಕ್ಲಿಕ್ ಆಯಿತು.

ಅವಳು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಬ್ಯಾಗಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಬ್ರೆಡ್ಡಿನ ತುಂಡನ್ನೂ ಅಳೆದು ಹಂಚುತ್ತಿದ್ದುದರಿಂದ ಮೆಸ್ಸಿನ ಅಡುಗೆಯಕ್ಕ ಅವಳಿಗೆ ‘ಸ್ಕೇಲಮ್ಮ’ ಎಂದು ಹೆಸರಿಟ್ಟಿದ್ದರು. ರೂಮಿಗೆ ಇದ್ದದ್ದು ಒಂದೇ ಕಪಾಟು. ಅವಳು ಅದನ್ನು ಅಳೆದು ನಡುವೆ ಪೆನ್ಸಿಲ್ ಗೆರೆ ಎಳೆದಳು.

“ನಿನ್ ಕಡೆ ಎರಡು ಸೆಂಟಿಮೀಟರ್ ಜಾಸ್ತಿ ಕೊಟ್ಟಿದೀನಿ ನೋಡು.”

“ಯಾಕೇ?”

“ನಿನ್ಗೆ ಟೆನ್ಶನ್ ಜಾಸ್ತಿ ಅಲ್ವಾ, ಇಟ್ಕೊಳ್ಳೋಕೆ ಜಾಗ ಬೇಕಲ್ಲ!”

ಆಮೇಲೆ ನಮ್ಮ ದೇಶದ ಮೇಲೆ ಯುದ್ಧ ಬಂತು. ಅವಳ ದೇಶ ಔಷಧ ಕಳಿಸುತ್ತೇವೆ, ಯುದ್ಧನೌಕೆ ಕಳಿಸುವುದಿಲ್ಲ ಎಂದಿತು. ವಾರ ಕಳೆಯುವುದರೊಳಗೆ ತನ್ನ ಬಂದರುಗಳಿಂದ ನಮ್ಮ ಹಡಗುಗಳನ್ನೂ ದೂರ ನಿಲ್ಲಿಸಿತು. ಅದು ದ್ರೋಹವೋ, ತನ್ನ ಮೇಲೂ ಬಾಂಬು ಬಿದ್ದೀತೆಂಬ ಭಯವೋ ತೂಗಿ ನೋಡುವಷ್ಟು ನಾನು ಓದಿಲ್ಲ. ಇನ್ನೂ ಮೊದಲ ವರ್ಷ. ಆದರೆ ನಮ್ಮ ಮೆಸ್ ಒಂದೇ ದಿನದಲ್ಲಿ ತೂಗಿ ಮುಗಿಸಿತು. ನಮ್ಮ ಟೇಬಲ್ಲಿನಿಂದ ಒಬ್ಬೊಬ್ಬರೇ ತಟ್ಟೆ ಎತ್ತಿಕೊಂಡು ಹೋದರು. ಸೀನಿಯರ್ ಒಬ್ಬಳು ನನ್ನ ಹಿಂದೆ ನಿಂತು, “ಏನೇ, ನಿನ್ ಫ್ರೆಂಡು ನಮ್ ಹಡಗು ಯಾವಾಗ ಬಿಡ್ತಾಳಂತೆ?” ಎಂದಳು. ಎಲ್ಲರೂ ನಕ್ಕರು. ಕೇಳಿದರೆ ನಿಮಗೆ ಬೇಸರವಾಗಬಹುದು, ನಾನೂ ನಕ್ಕೆ.

ಅದೇ ವಾರದ ಶುಕ್ರವಾರ ನಿಮ್ಮ ಫಾರ್ಮ್ ಬಂತು. ಪ್ರತಿ ವಾರದ ರೂಮು ವರದಿಯಲ್ಲಿ ಆರು ಕಾಲಮ್ ಇರುತ್ತಿದ್ದವು: ಫ್ಯಾನು, ಲೈಟು, ನಲ್ಲಿ, ಕಿಟಕಿ, ಬೀಗ, ಹಾಸಿಗೆ. ಈ ಸಲ ಏಳನೆಯದೊಂದು ಸೇರಿತ್ತು: ‘ರೂಂಮೇಟ್‌ರ ಚಲನವಲನ’. ಅದನ್ನು ತುಂಬಬೇಕಾದವರು ಇಲ್ಲಿನ ವಿದ್ಯಾರ್ಥಿಗಳು ಮಾತ್ರ. ನಲ್ಲಿ ಸೋರುತ್ತದೆಯೇ, ಗೆಳತಿ ಸೋರುತ್ತಾಳೆಯೇ, ಎರಡಕ್ಕೂ ಒಂದೇ ಹಾಳೆ. ಕಾಗದ ಉಳಿಸುವ ನಿಮ್ಮ ಕಾಳಜಿಯನ್ನು ಮೆಚ್ಚಲೇಬೇಕು.

ನಾನು ಆರನೇ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಮನೆಗೆ ಬರೆಯುವ ಪತ್ರವನ್ನೂ ಅಲ್ಲಿ ಗೆರೆ ಹಾಕಿದ ಫಾರ್ಮಿನಲ್ಲೇ ಬರೆಸುತ್ತಿದ್ದರು. ಒಂದು ಗೆರೆ ಖಾಲಿ ಬಿಟ್ಟರೆ ಭಾನುವಾರದ ಆಟ ಕಟ್. ಬರೆಯಲು ಏನೂ ಇಲ್ಲದಿದ್ದರೆ ಪಕ್ಕದ ಹಾಸಿಗೆಯವಳ ಬಗ್ಗೆ ಬರೆಯುತ್ತಿದ್ದೆ. ಈಗಲೂ ಖಾಲಿ ಕಾಲಮ್ ಕಂಡರೆ ನನ್ನ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಬರೆದೆ: “ತಾಯಿ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ದಿನಾ ಸಂಜೆ ತಾಯಿಯ ಜೊತೆ ಫೋನಿನಲ್ಲಿ ಹಡಗುಗಳ ಬಗ್ಗೆ ಮಾತಾಡುತ್ತಾಳೆ.”

ಪ್ರತಿ ಪದವೂ ನಿಜ. ಸುಳ್ಳು ಬರೆದಿದ್ದರೆ ಹಿಂತೆಗೆದುಕೊಳ್ಳಬಹುದಿತ್ತು; ನಿಜವನ್ನು ಹೇಗೆ ಹಿಂತೆಗೆದುಕೊಳ್ಳಲಿ? ಹಡಗು ನಿಂತಿದ್ದರಿಂದ ಅವಳ ಅಮ್ಮನಿಗೆ ಕೆಲಸವಿರಲಿಲ್ಲ. “ಅಮ್ಮ ಬೆಳಗ್ಗೆ ಕ್ರೇನ್ ಹತ್ತಿ ಕೂತು ಸಂಜೆ ಸುಮ್ನೆ ಇಳಿದು ಬರ್ತಾಳಂತೆ ಕಣೇ. ಎಷ್ಟು ಹಡಗು ನಿಂತಿವೆ ಅಂತ ಎಣಿಸ್ತಾಳಂತೆ, ಹೊತ್ತು ಹೋಗೋಕೆ,” ಎಂದು ಅವಳೇ ನನಗೆ ಹೇಳಿದ್ದಳು. ಅಷ್ಟು ಬರೆಯಲು ಕಾಲಮ್ಮಿನಲ್ಲಿ ಜಾಗವಿರಲಿಲ್ಲ. ಹೀಗಂತ ಐದು ವಾರದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅಸಲಿಗೆ ಜಾಗವಿತ್ತು. ಕೈಯ ಅಭ್ಯಾಸವೊಂದೇ ಕಾರಣವೂ ಅಲ್ಲ. ನಾನು ಯಾರ ಕಡೆಯವಳೆಂದು ಯಾರಾದರೂ ಒಬ್ಬರಿಗೆ ಗೊತ್ತಾಗಲಿ, ಮೆಸ್ಸಿನಲ್ಲಿ ಮತ್ತೆ ಯಾರಾದರೂ ನನ್ನ ಪಕ್ಕ ಕೂರಲಿ ಎಂಬ ಆಸೆಯೂ ಆ ಪೆನ್ನಿನಲ್ಲಿತ್ತು. ದೊಡ್ಡ ದೇಶಗಳು ಇದನ್ನೇ ‘ನಿಲುವು’ ಎನ್ನುತ್ತವೆ ಅಂತ ಕಾಣುತ್ತದೆ.

ನಾಲ್ಕನೇ ದಿನ ಮಧ್ಯಾಹ್ನ ನಿಮ್ಮ ಕಚೇರಿಯಿಂದ ಇಬ್ಬರು ಬಂದರು. ಪ್ಯಾಕ್ ಮಾಡಲು ಒಂದು ಗಂಟೆ. ಅವಳು ಕಪಾಟಿನ ತನ್ನ ಅರ್ಧವನ್ನು ಖಾಲಿ ಮಾಡುತ್ತಾ ನನ್ನತ್ತ ತಿರುಗಿದಳು.

“ಅಮ್ಮನ ಕ್ರೇನ್ ವಿಷ್ಯ ಇವ್ರಿಗೆ ಹೇಗೆ ಗೊತ್ತಾಯ್ತೇ? ನೀನೇನಾದ್ರೂ ಹೇಳಿದ್ಯಾ?”

“ಛೇ, ಇಲ್ಲಪ್ಪ,” ಎಂದೆ.

“ಗೊತ್ತು ಬಿಡು, ಸುಮ್ನೆ ಕೇಳ್ದೆ,” ಎಂದು ನನ್ನ ಭುಜ ತಟ್ಟಿದಳು. ಅಂದರೆ, ಸಮಾಧಾನವನ್ನೂ ಅವಳೇ ಮಾಡಬೇಕಾಯಿತು.

ಅದೇ ಸಂಜೆ ಫೋಟೋ ಇಳಿಯಿತು. ಗೋಡೆಯಲ್ಲಿ ಮೊಳೆ ಉಳಿಯಿತು.

ಈಗ ಕೇಳಿ. ಕಳೆದ ವಾರ ಎರಡೂ ದೇಶಗಳ ಮಂತ್ರಿಗಳು ಟಿವಿಯಲ್ಲಿ ಕೈಕುಲುಕಿದರು. ಬಂದರು ತೆರೆಯಿತು. ‘ಪರೀಕ್ಷೆಯಲ್ಲಿ ಗೆದ್ದ ಮೈತ್ರಿ’ ಎಂದು ಪತ್ರಿಕೆಗಳು ಬರೆದವು. ಯಾರ ಪರೀಕ್ಷೆ? ಪಾಸಾದವರು ಯಾರು? ಸೋಮವಾರ ಅದೇ ಮೊಳೆಗೆ ಅದೇ ಫೋಟೋ ಬಂತು. ಹಾಗಾದರೆ ಅವಳನ್ನೂ ವಾಪಸ್ ಕರೆಸುತ್ತೀರಾ ಎಂದು ಕೇಳಲು ನಾನು ಓಡಿಕೊಂಡು ನಿಮ್ಮ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ತಲೆ ಎತ್ತದೆ, “ನೋಡಮ್ಮಾ, ದೇಶದ್ ವಿಷ್ಯ ಬೇರೆ, ಫೈಲ್ ವಿಷ್ಯ ಬೇರೆ. ಫೈಲಲ್ಲಿ ನಿನ್ ಸಹಿ ಇದೆಯಲ್ಲ,” ಎಂದರು. ದೂರ ನಿಲ್ಲಿಸಿದ್ದ ಹಡಗುಗಳು ಬಂದರಿಗೆ ವಾಪಸ್ ತಿರುಗಬಹುದಂತೆ. ನನ್ನ ಎರಡು ಸಾಲು ತಿರುಗಲಾರವಂತೆ. ಈ ತಿಂಗಳ ಮೂವತ್ತರೊಳಗೆ ತರಗತಿಗೆ ಬರದಿದ್ದರೆ ಅವಳ ಸೀಟು ರದ್ದು. ಉಳಿದಿರುವುದು ಹನ್ನೊಂದು ದಿನ.

ಆದ್ದರಿಂದ ನನ್ನ ಬೇಡಿಕೆ. ಈ ಪತ್ರವನ್ನು ಅವಳ ಫೈಲಿಗೆ, ನನ್ನ ಆ ಹಾಳೆಯ ಮೇಲೆಯೇ, ಪಿನ್ ಮಾಡಿ. ರೂಂಮೇಟ್ ಬಗ್ಗೆ ಅರ್ಧ ಮಾಹಿತಿ ಕೊಟ್ಟವರನ್ನು ಹಾಸ್ಟೆಲ್ಲಿನಿಂದ ಹೊರಹಾಕಬಹುದು ಎಂದು ನಿಮ್ಮ ನಿಯಮದಲ್ಲೇ ಇದೆ. ನಾನು ಕೊಟ್ಟದ್ದು ಅರ್ಧ. ಹೊರಹಾಕುವುದಿದ್ದರೆ ನನ್ನನ್ನು ಹಾಕಿ, ಅವಳನ್ನು ಕರೆಸಿ. ಇದನ್ನು ಬರೆಯುವಾಗ ಭಯವಾಗುತ್ತಿಲ್ಲ ಎಂದರೆ ಅದೂ ಸುಳ್ಳು. ಮನೆಗೆ ಇನ್ನೂ ಹೇಳಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅದಕ್ಕೂ ಮೊದಲೇ ಇದರ ಒಂದು ಪ್ರತಿಯನ್ನು ಅವಳಿಗೆ ಕಳಿಸಿದ್ದೇನೆ. ‘ಛೇ, ಇಲ್ಲಪ್ಪ’ ಎಂದದ್ದು ಸುಳ್ಳೆಂದು ಅವಳಿಗೆ ಈಗ ಗೊತ್ತಾಗಿದೆ. ಉತ್ತರ ಬಂದಿಲ್ಲ.

ಕಪಾಟಿನ ಅವಳ ಅರ್ಧ ಹಾಗೇ ಇದೆ. ಒಂದು ಪುಸ್ತಕವನ್ನೂ ನಾನು ಗೆರೆ ದಾಟಿಸಿಲ್ಲ. ಅವಳು ಬಂದು ಹೊಸದಾಗಿ ಅಳೆಯಲಿ. ಆ ಎರಡು ಸೆಂಟಿಮೀಟರ್ ವಾಪಸ್ ತೆಗೆದುಕೊಂಡರೂ ನಾನು ಯಾಕೆಂದು ಕೇಳುವುದಿಲ್ಲ.

ಇಂತಿ,
ನಿಮ್ಮ ಫೋಟೋದಲ್ಲಿ ಎಡಗಡೆ ನಗುತ್ತಿರುವವಳು,
ಇಪ್ಪತ್ತೇಳನೇ ರೂಮಿನಲ್ಲಿ ಸದ್ಯಕ್ಕೆ ಒಬ್ಬಳೇ